ಟಕ್ ಎಂದರೆ ಬಾಗುವ ಬೆರಳು

ಅತ್ತಿಗೆಗೆ ಪಿಸ್ತೂಲಿನ ಭಯವೇನೂ ಇರಲಿಲ್ಲ. ಭಯವಿದ್ದದ್ದು ಅವಳ ನಾದಿನಿಗೆ. ಕಾವಲು ಕೆಲಸದ ತರಬೇತಿಯ ಮೊದಲ ದಿನ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದ ಪಿಸ್ತೂಲುಗಳನ್ನು ಕಂಡದ್ದೇ ನಾದಿನಿ ಅತ್ತಿಗೆಯ ಬೆನ್ನ ಹಿಂದೆ ಸರಿದು, ಬಾಗಿಲು ಯಾವ ಕಡೆ ಇದೆ ಎಂದು ನೋಡಿಕೊಂಡಳು. ಅತ್ತಿಗೆಯೋ, ಕೈಗೆ ಕೊಟ್ಟದ್ದನ್ನು ಎಷ್ಟೋ ವರ್ಷದ ಪರಿಚಯದವಳ ಹಾಗೆ ಹಿಡಿದುಕೊಂಡಳು. ಮಣಿಕಟ್ಟು ಸೊಟ್ಟಗಾಗಲಿಲ್ಲ, ತೋಳು ನಡುಗಲಿಲ್ಲ. ಕಲಿಸುವ ಮೇಡಂ ಸುತ್ತು ಬಂದು ನೋಡಿ, ಇದು ದುಡಿದ ಕೈ ಎಂದರು.

ದುಡಿದದ್ದು ಹೌದು. ಅವಳು ಗಂಡನ ಜೊತೆ ಮರದ ಸಾಮಾನಿಗೆ ಪಾಲಿಶ್ ಹೊಡೆಯುತ್ತಿದ್ದವಳು. ಬೀರು, ಬಾಗಿಲು, ಮಂಚ, ಏನು ಬಂದರೂ ಸರಿ. ಗಂಡನನ್ನು ಬೀದಿಯವರೆಲ್ಲ ಪಾಲಿಶ್ ಎಂದೇ ಕರೆಯುತ್ತಿದ್ದರು. ಅವನ ಸ್ವಂತ ಹೆಸರು ಅವನಿಗೇ ಮರೆತಿತ್ತೋ ಏನೋ. ಮದುವೆಯಾದಂದಿನಿಂದ ಇಬ್ಬರೂ ಬಣ್ಣ ಎರಚುವ ಒಂದೇ ಸ್ಪ್ರೇ ಗನ್ನನ್ನು ಒಬ್ಬರ ಕೈಯಿಂದ ಒಬ್ಬರು ಇಸಿದುಕೊಂಡು ಸಂಸಾರ ನಡೆಸಿದ್ದರು. ಗಾಳಿಯಲ್ಲಿ ತೇಲುವ ಆ ಬಣ್ಣ ಕೊನೆಗೆ ಪಾಲಿಶನ ಎದೆಯೊಳಗೆ ಇಳಿಯಿತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಮಾತು ಮುಗಿಯುವ ಮೊದಲೇ ಕೆಮ್ಮು. ಸದ್ಯಕ್ಕೆ ಈ ಕೆಲಸ ಬೇಡ ಎಂದರು ಡಾಕ್ಟರು. ಡಾಕ್ಟರು ಹೇಳಿದ ಅಷ್ಟೂ ಮಾತಿನಲ್ಲಿ ಪಾಲಿಶ್ ಗಟ್ಟಿಯಾಗಿ ಹಿಡಿದುಕೊಂಡದ್ದು ಸದ್ಯಕ್ಕೆ ಎಂಬ ಒಂದನ್ನೇ.

ಮನೆ ನಡೆಯಬೇಕಲ್ಲ. ಪಾಲಿಶನ ತಂಗಿ, ಅಂದರೆ ಈ ನಾದಿನಿ, ಊರಾಚೆಯ ಔಷಧಿ ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುವ ಕೆಲಸದಲ್ಲಿದ್ದಳು. ಅಲ್ಲಿ ಗೇಟಿಗೆ ಹೆಂಗಸರನ್ನೇ ಕಾವಲಿಗೆ ಹಾಕಿಕೊಳ್ಳುತ್ತಾರೆ, ಆದರೆ ಸೊಂಟದಲ್ಲಿ ಪಿಸ್ತೂಲು ಇರುತ್ತದೆ, ಅದನ್ನು ಕಲಿತು ಪಾಸಾದವರಿಗೆ ಮಾತ್ರ ಕೆಲಸ ಎಂದು ಸುದ್ದಿ ತಂದವಳು ಅವಳೇ. ಒಬ್ಬಳೇ ಹೋಗಲು ಪುಕ್ಕಲು. ಅತ್ತಿಗೆ ಬಂದರೆ ಬರುತ್ತೇನೆ ಎಂದಳು. ಹಾಗೆ ಇಬ್ಬರೂ ಸೇರಿದರು. ಅವಳು ಅತ್ತಿಗೆ ಅತ್ತಿಗೆ ಎಂದು ಕರೆದೂ ಕರೆದೂ ತರಬೇತಿಗೆ ಬಂದವರೆಲ್ಲರ ಬಾಯಲ್ಲೂ ಅದೇ ಹೆಸರು ನಿಂತಿತು. ಮೇಡಂ ಕೂಡ ಅತ್ತಿಗೆ ಎಂದೇ ಕೂಗುತ್ತಿದ್ದರು.

ಮೇಡಂ ಸೈನ್ಯದಲ್ಲಿದ್ದು ಬಂದವರು. ಗುಂಡಿನ ಸದ್ದಿಗೆ ಒಂದು ಕಿವಿ ಹೋಗಿತ್ತು. ಯಾರಾದರೂ ಮಾತಾಡಿದರೆ ಕತ್ತು ತಿರುಗಿಸಿ ಒಳ್ಳೆಯ ಕಿವಿಯನ್ನು ಮುಂದೆ ಚಾಚುತ್ತಿದ್ದರು. ಅವರು ಹೇಳುವುದು ನಾಲ್ಕೇ ಮಾತು, ಆದರೆ ದಿನವೂ ಅದೇ. ಪಿಸ್ತೂಲಿನ ಬಾಯಿ ಎಂದೂ ಮನುಷ್ಯರ ಕಡೆ ತಿರುಗಬಾರದು. ಹೊಡೆಯಲೇಬೇಕು ಎಂದು ನಿಶ್ಚಯಿಸುವ ತನಕ ಬೆರಳು ಟ್ರಿಗರಿನ ಮೇಲೆ ಹೋಗಬಾರದು, ಪಕ್ಕದಲ್ಲಿ ನೆಟ್ಟಗೆ ಮಲಗಿರಬೇಕು. ಪಿಸ್ತೂಲು ಖಾಲಿ ಎಂದು ದೇವರೇ ಬಂದು ಹೇಳಿದರೂ ನಂಬಬಾರದು. ತೆರೆದು ಕಣ್ಣಲ್ಲಿ ನೋಡಬೇಕು, ಕಿರುಬೆರಳು ಹಾಕಿ ಮುಟ್ಟಬೇಕು. ಆಮೇಲೆ ನಿನ್ನ ಜೋಡಿಯವಳು ಅದೇ ರೀತಿ ನೋಡಿ, ಮುಟ್ಟಿ, ಖಾಲಿ ಎಂದು ಹೇಳಬೇಕು. ನಾದಿನಿ ಇದನ್ನು ಪಾತ್ರೆ ತೊಳೆಯುವಾಗಲೂ ಗುನುಗುತ್ತಿದ್ದಳಂತೆ. ಗಂಡ ರೇಗಿದಾಗ, ಬಾಯಿ ಮನುಷ್ಯರ ಕಡೆ ತಿರುಗಿಸಬಾರದು ಕಣ್ರೀ ಎಂದು ಹೇಳಿ ಅವನನ್ನು ಸುಮ್ಮನಾಗಿಸಿದ್ದಳಂತೆ. ಜೋಡಿ ಕಟ್ಟುವಾಗ ಅವಳು ಅತ್ತಿಗೆಯ ಸೆರಗು ಹಿಡಿದು ನಿಂತಿದ್ದರಿಂದ ಅವರಿಬ್ಬರೇ ಜೋಡಿಯಾದರು.

ಎಲ್ಲ ಸರಿಯಾಗಿಯೇ ಇತ್ತು, ಸುಳ್ಳುಗುಂಡು ಹಾಕಿ ಅಭ್ಯಾಸ ಮಾಡಿದ ದಿನದವರೆಗೆ. ಸುಳ್ಳುಗುಂಡು ಎಂದರೆ ಮದ್ದಿಲ್ಲದ, ಕೆಂಪು ತುದಿಯ ಗುಂಡು. ಹೊಡೆದರೆ ಟಪ್ ಎನ್ನುತ್ತದೆ, ಅಷ್ಟೆ. ಗುಂಡು ತುಂಬುವ ಉದ್ದನೆಯ ಡಬ್ಬಿಗೆ ಮ್ಯಾಗಜೀನ್ ಎನ್ನುತ್ತಾರೆ. ಅದು ಹಿಡಿಯೊಳಗೆ ಕೂತಿರುತ್ತದೆ. ಖಾಲಿ ಮಾಡುವಾಗ ಮೊದಲು ಒಂದು ಗುಂಡಿ ಒತ್ತಿ ಆ ಡಬ್ಬಿಯನ್ನು ಹೊರಗೆ ತೆಗೆಯಬೇಕು, ಆಮೇಲೆ ಪಿಸ್ತೂಲಿನ ಮೇಲಿನ ಕವಚವನ್ನು ಹಿಂದಕ್ಕೆ ಎಳೆದು ನಳಿಗೆಯಲ್ಲಿ ಉಳಿದ ಗುಂಡನ್ನು ಬೀಳಿಸಬೇಕು. ಅತ್ತಿಗೆ ಗುಂಡಿ ಒತ್ತಿದಳು. ಟಕ್ ಎಂದು ಡಬ್ಬಿ ಕಳಚಿಕೊಂಡಿತು. ಅದರ ಬೆನ್ನಿಗೇ ಟಪ್ ಎಂದಿತು ಪಿಸ್ತೂಲು.

ಮೇಡಂ ಬಂದು ನಿಂತರು. ಯಾಕೆ ಎಳೆದೆ ಎಂದು ಕೇಳಿದರು. ಅತ್ತಿಗೆ ತನ್ನ ತೋರುಬೆರಳನ್ನು ನೋಡಿಕೊಂಡಳು. ಅದು ಟ್ರಿಗರಿನ ಮೇಲೆ ಬಾಗಿ ಕೂತಿತ್ತು. ಎಳೆದದ್ದು ಅವಳಿಗೆ ಗೊತ್ತೇ ಇರಲಿಲ್ಲ. ನಿಜ ಗುಂಡಾಗಿದ್ದರೆ ಎಂದು ಮೇಡಂ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಇನ್ನೊಂದು ಸಲ ಆ ಬೆರಳು ಹೇಳದೆ ಕೇಳದೆ ಒಳಗೆ ಹೋದರೆ ಮನೆಗೆ ಹೋಗಬಹುದು ಎಂದಷ್ಟೇ ಹೇಳಿ ಮುಂದಿನವಳ ಬಳಿ ಹೋದರು.

ಕಾರಣ ಗೊತ್ತಾದದ್ದು ಅದೇ ದಿನ ಸಂಜೆ, ಮನೆಯ ಜಗಲಿಯಲ್ಲಿ.

ಪಾಲಿಶ್ ಕೆಲಸ ಬಿಟ್ಟಿದ್ದರೂ ಸ್ಪ್ರೇ ಗನ್ ಕೆಲಸ ಬಿಟ್ಟಿರಲಿಲ್ಲ. ಸುಮ್ಮನೆ ಇಟ್ಟರೆ ಒಳಗಿನ ವಾಷರ್ ಒಣಗಿ ಜಾಮ್ ಆಗುತ್ತದೆ, ನಾಳೆ ನಾನು ಕೆಲಸಕ್ಕೆ ಇಳಿದಾಗ ಕೈ ಕೊಡುತ್ತದೆ ಎಂದು ಅವನ ವಾದ. ಹಾಗಾಗಿ ದಿನವೂ ಸಂಜೆ ಅತ್ತಿಗೆ ಅದರ ಡಬ್ಬಿಗೆ ಬಣ್ಣ ಕರಗಿಸುವ ಥಿನ್ನರ್ ಒಂದಿಷ್ಟು ಸುರಿದು, ಗಾಳಿ ಒತ್ತುವ ಕಂಪ್ರೆಸರ್ ಹಾಕಿ, ಹಳೆಯ ಹಲಗೆಯ ಮೇಲೆ ಹೊಡೆದು ತೊಳೆಯುತ್ತಿದ್ದಳು. ವಾಸನೆ ತಾಗಬಾರದೆಂದು ಅವನು ಒಳಗೆ ಕಿಟಕಿಯ ಗಾಜಿಗೆ ಮುಖ ಹಚ್ಚಿ ಕೂತು ನೋಡುತ್ತಿದ್ದ. ದಿನದಲ್ಲಿ ಅವನ ಮುಖ ಅರಳುವುದು ಆ ಒಂದು ಹೊತ್ತು ಮಾತ್ರ.

ಅವತ್ತೂ ತೊಳೆದಳು. ಗಾಳಿಯ ಪೈಪನ್ನು ಗನ್ನಿನಿಂದ ಕಳಚಿದಳು. ಟಕ್ ಎಂದಿತು. ಬೆರಳು ತಾನೇ ಟ್ರಿಗರ್ ಎಳೆಯಿತು. ಒಳಗೆ ಉಳಿದಿದ್ದ ಗಾಳಿ ಫುಸ್ ಎಂದು ಹೊರಬಂತು. ಅತ್ತಿಗೆ ಗನ್ನು ಹಿಡಿದಲ್ಲೇ ನಿಂತುಬಿಟ್ಟಳು.

ಈ ಪಾಠ ಹೇಳಿಕೊಟ್ಟವನು ಕಿಟಕಿಯ ಹಿಂದೆಯೇ ಕೂತಿದ್ದ. ಪೈಪು ಬಿಚ್ಚಿದ ಕೂಡಲೇ ಟ್ರಿಗರ್ ಎಳೆದು ಉಳಿದ ಗಾಳಿ ಬಿಡಬೇಕು, ಇಲ್ಲದಿದ್ದರೆ ಡಬ್ಬಿ ತಿರುಗಿಸುವಾಗ ಥಿನ್ನರ್ ಸಿಡಿದು ಕಣ್ಣಿಗೆ ಬೀಳುತ್ತದೆ. ಹೊಸದರಲ್ಲಿ ಒಮ್ಮೆ ಅವಳು ಮರೆತು, ಸಿಡಿದದ್ದು ಅವನ ಕಣ್ಣಿಗೆ ಬಿದ್ದು, ಮೂರು ದಿನ ಪಟ್ಟಿ ಕಟ್ಟಿಕೊಂಡಿದ್ದ. ಆಮೇಲೆ ಅವಳ ಪಕ್ಕದಲ್ಲೇ ನಿಂತು, ಟಕ್ ಎಂದ ಕೂಡಲೇ ಅವಳ ಬೆರಳಿನ ಮೇಲೆ ತನ್ನ ಬೆರಳಿಂದ ತಟ್ಟಿ ತಟ್ಟಿ ರೂಢಿ ಮಾಡಿಸಿದ್ದ. ಹೊಸ ಮದುವೆ ಬೇರೆ. ಬೇಕಾದದ್ದಕ್ಕಿಂತ ಹೆಚ್ಚೇ ತಟ್ಟಿದ್ದ. ಆ ಬೆರಳು ಈಗ ತಲೆಯನ್ನು ಕೇಳುತ್ತಿರಲಿಲ್ಲ. ಅಲ್ಲಿ ಕಣ್ಣು ಕಾಯುವ ಅಭ್ಯಾಸ ಇಲ್ಲಿ ಜೀವ ತೆಗೆಯುವ ಅಭ್ಯಾಸವಾಗಿತ್ತು.

ಮೇಡಂಗೆ ಹೇಳಬೇಕಾಗಿತ್ತು. ಹೇಳಿದರೆ ಮನೆಗೆ ಕಳಿಸುತ್ತಾರೆ. ಗಂಡನಿಗೆ ಹೇಳಬೇಕಾಗಿತ್ತು. ಹೇಳಿದರೆ ಗನ್ ತೊಳೆಯುವುದನ್ನು ನಿಲ್ಲಿಸಬೇಕಾಗುತ್ತದೆ. ನಿಲ್ಲಿಸಿದರೆ, ನೀನಿನ್ನು ಆ ಕೆಲಸಕ್ಕೆ ಹೋಗುವವನಲ್ಲ ಎಂದು ಅವನ ಮುಖದ ಮೇಲೆ ಹೇಳಿದ ಹಾಗೆ. ಎರಡು ಕಡೆಯೂ ಬಾಯಿ ಬರಲಿಲ್ಲ. ಎರಡು ದೋಣಿಯ ಮೇಲೆ ಕಾಲಿಟ್ಟವರ ಗತಿ ಗೊತ್ತಿದ್ದೂ ಅವಳು ಎರಡರ ಮೇಲೂ ನಿಂತಳು. ಬೆಳಿಗ್ಗೆ ಪಿಸ್ತೂಲು, ಸಂಜೆ ಸ್ಪ್ರೇ ಗನ್.

ಅವತ್ತಿನಿಂದ ಭಯ ಹಿಡಿಯಿತು. ಭಯ ಪಿಸ್ತೂಲಿನದ್ದಲ್ಲ, ತನ್ನ ಕೈಯದ್ದೇ. ಲೋಟ ಹಿಡಿದರೂ ಬೆರಳನ್ನು ನೋಡುವಳು. ಪೆಟ್ಟಿಗೆ ಮುಚ್ಚಿದರೆ, ಚಿಲಕ ಹಾಕಿದರೆ, ಸ್ವಿಚ್ ಒತ್ತಿದರೆ, ಟಕ್ ಎಂದಲ್ಲೆಲ್ಲ ಕಣ್ಣು ಬೆರಳಿಗೆ ಹೋಗುವುದು. ಒಮ್ಮೊಮ್ಮೆ ಬಾಗುತ್ತಿತ್ತು, ಒಮ್ಮೊಮ್ಮೆ ಇಲ್ಲ. ಯಾವಾಗ ಬಾಗುತ್ತದೆ ಎಂದು ಹೇಳುವಂತಿರಲಿಲ್ಲ, ಅದೇ ಹೆಚ್ಚು ಹೆದರಿಕೆ. ಸಾಲಿನಲ್ಲಿ ನಿಂತಾಗ ಎಡಕ್ಕೆ ಯಾರಿದ್ದಾರೆ, ಬಲಕ್ಕೆ ಯಾರಿದ್ದಾರೆ ಎಂದು ನೋಡುವಳು. ಹಿಂದೆ ನಾದಿನಿ ನಿಂತಿರುತ್ತಿದ್ದಳು, ಅಣ್ಣನ ಮೂಗು, ಅಣ್ಣನ ಕಣ್ಣು.

ಹೆದರಿದವರು ಸುಮ್ಮನೆ ಹೆದರಿಕೊಂಡಿದ್ದರೆ ಒಳ್ಳೆಯದು. ಉಪಾಯ ಹೂಡಲು ಹೊರಟರೆ ಕೆಟ್ಟರು ಎಂದೇ ಲೆಕ್ಕ. ಅತ್ತಿಗೆ ಉಪಾಯ ಹೂಡಿದಳು. ಬೆರಳು ಕೆಡುವುದು ಟಕ್ ಎಂದಾಗ ತಾನೆ? ಹಾಗಾದರೆ ಟಕ್ ಎನ್ನುವುದು ಕೊನೆಗೆ ಬರಲಿ. ಮೊದಲು ಕವಚ ಎಳೆದು ನಳಿಗೆಯ ಗುಂಡನ್ನು ಬೀಳಿಸಿಬಿಡುವುದು, ಆಮೇಲೆ ಡಬ್ಬಿ ಕಳಚುವುದು. ಆಗ ಬೆರಳು ಎಳೆದರೂ ಎಳೆಯಲಿ, ಒಳಗೆ ಗುಂಡೇ ಇರುವುದಿಲ್ಲವಲ್ಲ. ಯೋಚಿಸಿದಷ್ಟೂ ಸರಿ ಎನಿಸಿತು. ಆದರೆ ಡಬ್ಬಿ ಒಳಗಿರುವಾಗ ಕವಚ ಎಳೆದು ಬಿಟ್ಟರೆ ಅದು ಒಂದು ಗುಂಡನ್ನು ಹೊರಗೆ ಎಸೆದು, ಮುಂದಕ್ಕೆ ಹೋಗುವಾಗ ಡಬ್ಬಿಯಿಂದ ಇನ್ನೊಂದನ್ನು ನಳಿಗೆಗೆ ತಳ್ಳಿಕೊಂಡೇ ಹೋಗುತ್ತದೆ. ಮೇಡಂ ಡಬ್ಬಿಯನ್ನೇ ಮೊದಲು ತೆಗೆಸುತ್ತಿದ್ದದ್ದು ಅದಕ್ಕೇ. ಅವರು ಅದನ್ನು ಹೇಳಿದ್ದರು ಕೂಡ. ಆದರೆ ಹೇಳುವ ಹೊತ್ತಿನಲ್ಲಿ ಅತ್ತಿಗೆ ತನ್ನ ಬೆರಳನ್ನು ಕಾಯುತ್ತಿದ್ದಳು, ಕಿವಿ ಅಲ್ಲಿರಲಿಲ್ಲ.

ಉಪಾಯ ಕೆಲವು ದಿನ ಫಲಿಸಿದ ಹಾಗೆಯೇ ಕಂಡಿತು. ನಿಜ ಗುಂಡು ಹಾಕಿ ಹೊಡೆಯಲು ಶುರುಮಾಡಿದ್ದರು. ಇದ್ದ ಗುಂಡನ್ನೆಲ್ಲ ಹೊಡೆದು ಮುಗಿಸಿದರೆ ಡಬ್ಬಿಯಲ್ಲಿ ಉಳಿಯುವುದೇನೂ ಇರುವುದಿಲ್ಲ. ಯಾವುದನ್ನು ಮೊದಲು ತೆಗೆದರೂ ನಡೆಯುತ್ತದೆ. ಗುರಿಯೂ ಚೆನ್ನಾಗಿ ಬೀಳುತ್ತಿತ್ತು. ಮೇಡಂ ಮೆಚ್ಚಿದರು. ನಾದಿನಿಯಂತೂ ಹೋದಲ್ಲಿ ಬಂದಲ್ಲಿ ಅತ್ತಿಗೆಯ ಕೈಯನ್ನೇ ಹೊಗಳುತ್ತಿದ್ದಳು. ಅತ್ತಿಗೆ ಮಾತ್ರ ಬೆರಳಿನ ಮೇಲಿಟ್ಟ ಕಣ್ಣು ತೆಗೆಯಲಿಲ್ಲ.

ಪರೀಕ್ಷೆಗೆ ಮುಂಚಿನ ದಿನ ಜೋರು ಗಾಳಿ. ಹೊಡೆಯುತ್ತಿದ್ದ ಮಧ್ಯದಲ್ಲೇ ಗುರಿಯ ಹಲಗೆಯೊಂದು ಕಿತ್ತುಕೊಂಡು ಬಿತ್ತು. ನಿಲ್ಲಿಸಿ, ಖಾಲಿ ಮಾಡಿ ಎಂದು ಮೇಡಂ ಕೂಗಿದರು. ಅತ್ತಿಗೆಯ ಡಬ್ಬಿಯಲ್ಲಿ ಇನ್ನೂ ಗುಂಡುಗಳಿದ್ದವು. ಅವಳು ತನ್ನ ಉಪಾಯದಂತೆಯೇ ಮಾಡಿದಳು. ಕವಚ ಎಳೆದು ಬಿಟ್ಟಳು, ಒಂದು ಗುಂಡು ಹೊರಗೆ ಹಾರಿ ನೆಲಕ್ಕೆ ಬಿತ್ತು. ಆಮೇಲೆ ಡಬ್ಬಿ ಕಳಚಿದಳು. ಟಕ್ ಎಂದಿತು. ಹಲ್ಲು ಕಚ್ಚಿ ಬೆರಳನ್ನು ನೆಟ್ಟಗೆ ಹಿಡಿದಳು, ಬಾಗಲಿಲ್ಲ. ಆ ನೆಮ್ಮದಿಗೆ ಅವಳ ಕಣ್ಣಲ್ಲಿ ನೀರು ಬಂತು. ಇನ್ನು ಕವಚ ತೆರೆದು, ನೋಡಿ, ಮುಟ್ಟಿ, ಜೋಡಿಯವಳಿಗೆ ತೋರಿಸಬೇಕಿತ್ತು. ಗುಂಡು ಹಾರಿ ಬಿದ್ದದ್ದನ್ನು ಇಬ್ಬರೂ ಕಣ್ಣಾರೆ ನೋಡಿದ್ದರು. ಅಲ್ಲೇ ಕಾಲ ಬಳಿ ಬಿದ್ದಿತ್ತು. ಇನ್ನೇನು ನೋಡುವುದು?

"ಖಾಲಿ," ಎಂದಳು ನಾದಿನಿ. ಅವಳ ಕನ್ನಡಕದ ತುಂಬ ಧೂಳು, ಕಣ್ಣು ಬಿದ್ದ ಹಲಗೆಯ ಕಡೆ. ಮೇಡಂ ಸಾಲಿನ ಆ ತುದಿಯಲ್ಲಿ ಇನ್ನೊಬ್ಬಳ ಸಿಕ್ಕಿಕೊಂಡ ಪಿಸ್ತೂಲು ಬಿಡಿಸುತ್ತಿದ್ದರು. ಗಾಳಿ ನಿಲ್ಲುವ ಲಕ್ಷಣ ಕಾಣದೆ, ಇವತ್ತಿಗೆ ಸಾಕು, ಬಾಯಿ ಕೆಳಗೆ ಮಾಡಿಕೊಂಡು ಒಳಗೆ ನಡೆಯಿರಿ, ಸ್ವಚ್ಛ ಮಾಡಿ ಇಡಿ ಎಂದರು.

ಸ್ವಚ್ಛ ಮಾಡುವ ಕೋಣೆಯಲ್ಲಿ ಉದ್ದನೆಯ ಮೇಜು, ಮೇಜಿನ ನಡುನಡುವೆ ಮರಳು ತುಂಬಿ ಓರೆಯಾಗಿ ಕೂರಿಸಿದ ಡ್ರಮ್ಮುಗಳು. ಆ ಜಾತಿಯ ಪಿಸ್ತೂಲಿನ ಮೇಲ್ಭಾಗ ಬಿಚ್ಚಬೇಕಾದರೆ ಒಮ್ಮೆ ಟ್ರಿಗರ್ ಎಳೆಯಲೇಬೇಕು. ಅದಕ್ಕೇ ಆ ಮರಳು. ಎಳೆಯುವ ಮೊದಲು ಮತ್ತೊಮ್ಮೆ ತೆರೆದು ನೋಡಬೇಕು, ಮುಟ್ಟಬೇಕು, ಬಾಯನ್ನು ಡ್ರಮ್ಮಿನೊಳಗೆ ಇಡಬೇಕು. ಅತ್ತಿಗೆ ತೆರೆದು ನೋಡದೆಯೇ ಬಾಯನ್ನು ಡ್ರಮ್ಮಿನೊಳಗೆ ಇಟ್ಟಳು. ಡ್ರಮ್ಮಿನೊಳಗೆ ಇಡುವುದೊಂದನ್ನು ಅವಳು ಎಂದೂ ತಪ್ಪಿಸಿರಲಿಲ್ಲ. ಎದುರಿಗೆ ಕೂತ ನಾದಿನಿ ಮಾತಿನ ಮಲ್ಲಿ. ನಾಳೆ ಪಾಸಾದರೆ ಗೇಟಿನಲ್ಲಿ ಮೊದಲು ಯಾರ ಚೀಲ ಬಿಚ್ಚಿಸಬೇಕು ಎಂದು ಹೇಳುತ್ತ, ಡ್ರಮ್ಮಿನ ಬಾಯಿಗೆ ನೇತುಬಿದ್ದಿದ್ದ ಒರೆಸುವ ಬಟ್ಟೆಗೆ ಕೈ ಚಾಚಿ ಎಳೆದುಕೊಂಡಳು. ಆಮೇಲೆ ಎಣ್ಣೆಯ ತಗಡಿನ ಡಬ್ಬಿಯ ಮುಚ್ಚಳ ತೆಗೆದಳು.

ಟಕ್.

ಬೆರಳು ಬಾಗಿತು; ಗುಂಡು ಹಾರಿದ ಸದ್ದಿಗೆ ಕೋಣೆಯೇ ಒಡೆದು ಹೋಯಿತು ಎನಿಸಿತು. ಕಿವಿಯಲ್ಲಿ ಸಿಳ್ಳೆ ಹಾಕಿದ ಹಾಗೆ ಒಂದೇ ಸಮನೆ ಗುಂಯ್ ಎನ್ನುತ್ತಿತ್ತು. ಡ್ರಮ್ಮಿನಿಂದ ಮರಳು ಸಣ್ಣಗೆ ಸುರಿಯುತ್ತಿತ್ತು. ನಾದಿನಿ ಕುರ್ಚಿಯ ಸಮೇತ ಹಿಂದಕ್ಕೆ ಸರಿದು, ಕೈಯಲ್ಲಿ ಬಟ್ಟೆ ಹಿಡಿದುಕೊಂಡೇ ತನ್ನ ಎದೆ, ಹೊಟ್ಟೆ, ಮುಖ ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಒಂದು ಉಸಿರಿನಷ್ಟು ಹಿಂದೆ ಆ ಕೈ ಡ್ರಮ್ಮಿನ ಬಾಯಲ್ಲಿತ್ತು. ಅತ್ತಿಗೆಯ ಬೆರಳು ಬಾಗಿಯೇ ಇತ್ತು; ಬಿಡಿಸಿಕೊಳ್ಳಲು ಅವಳಿಗೆ ಆಗಲಿಲ್ಲ.

ಮೇಡಂ ಓಡಿ ಬರಲಿಲ್ಲ, ನಡೆದು ಬಂದರು. ಮೊದಲು ಅತ್ತಿಗೆಯ ಕೈಯಿಂದ ಪಿಸ್ತೂಲು ಬಿಡಿಸಿಕೊಂಡು, ತೆರೆದು, ನೋಡಿ, ಕಿರುಬೆರಳು ಹಾಕಿ ಮುಟ್ಟಿ, ಮೇಜಿನ ಮೇಲಿಟ್ಟರು. ಆಮೇಲೆ ಎಲ್ಲರ ಮೈಮೇಲೂ ಕಣ್ಣಾಡಿಸಿದರು. ಯಾರಿಗೂ ಏನೂ ಆಗಿರಲಿಲ್ಲ. ಆಗ ಕೇಳಿದರು, ಹೇಗೆ ಆಯಿತು ಎಂದು.

"ನಂದು ತಪ್ಪು ಮೇಡಂ," ಎಂದಳು ನಾದಿನಿ. "ಅತ್ತಿಗೆ ಕೈಯಿಂದ ನಾನು ಇಸ್ಕೊಂಡಿದ್ದೆ. ನನ್ನಿಂದ ಆಯ್ತು."

ಪಿಸ್ತೂಲು ಇದ್ದದ್ದು ಯಾರ ಕೈಯಲ್ಲಿ ಎಂದು ಕಣ್ಣಿದ್ದವರೆಲ್ಲ ನೋಡಿದ್ದರು. ಆದರೂ ಆ ಸುಳ್ಳಿನ ನೆರಳಿನಲ್ಲಿ ಅತ್ತಿಗೆ ಒಂದು ಗಳಿಗೆ ನಿಂತಳು. ಇದು ಎರಡನೆಯ ಸಲ. ಹೇಳಿದರೆ ಕೆಲಸ ಹೋಯಿತು, ಮನೆ ಮತ್ತೆ ಹಾಗೇ. ನಾದಿನಿಯ ತಲೆಗೂದಲ ಮೇಲೆ ಮರಳಿನ ಪುಡಿ ಕೂತಿತ್ತು. ಅದನ್ನು ನೋಡಿದ ಮೇಲೆ ಅತ್ತಿಗೆಗೆ ಸುಮ್ಮನಿರಲು ಆಗಲಿಲ್ಲ.

"ಅವಳಲ್ಲ. ನಾನು," ಎಂದಳು. ಶುರುಮಾಡಿದ ಮೇಲೆ ನಿಲ್ಲಲಿಲ್ಲ. ಗಂಡನ ಎದೆ, ಸಂಜೆಯ ಸ್ಪ್ರೇ ಗನ್, ಪೈಪಿನ ಸದ್ದು, ಅದನ್ನು ಮುಚ್ಚಲು ಹೂಡಿದ ಉಪಾಯ, ತೆರೆದು ನೋಡದೆ ಬಿಟ್ಟದ್ದು, ಎಲ್ಲವೂ ಬಂತು. ಮೇಡಂ ಒಳ್ಳೆಯ ಕಿವಿಯನ್ನು ಚಾಚಿ ಕೊನೆಯವರೆಗೂ ಕೇಳಿದರು. ಬೈಯುತ್ತಾರೆ ಎಂದುಕೊಂಡರೆ ಬೈಯಲಿಲ್ಲ. ಅಭ್ಯಾಸಕ್ಕೆ ಇಟ್ಟಿದ್ದ ಪ್ಲಾಸ್ಟಿಕ್ ಪಿಸ್ತೂಲನ್ನು ತಂದು ಅವಳ ಕೈಗೆ ಕೊಟ್ಟು, ಗೋಡೆಯ ಕಡೆ ತಿರುಗಿ ನಿಲ್ಲು, ಬೆರಳು ಪಕ್ಕದಲ್ಲಿರಲಿ ಎಂದರು. ಹಿಂದಿನಿಂದ ಎಣ್ಣೆಯ ಡಬ್ಬಿಯ ಮುಚ್ಚಳವನ್ನು ಒತ್ತಿ ತೆಗೆದರು. ಟಕ್ ಎಂದಿತು.

ಬೆರಳು ಬಾಗಿತು. ಇಷ್ಟು ಜನ ನೋಡುತ್ತಿದ್ದಾಗಲೂ, ಬಾಗಬೇಡ ಎಂದು ಮನಸ್ಸಿನೊಳಗೆ ಬೇಡಿಕೊಳ್ಳುತ್ತಿದ್ದಾಗಲೂ ಬಾಗಿತು. ಅತ್ತಿಗೆಗೆ ತನ್ನ ಕೈಯನ್ನೇ ಕಿತ್ತು ಆ ಮೇಜಿನ ಮೇಲಿಟ್ಟು ಹೋಗಿಬಿಡಬೇಕು ಎನಿಸಿತು.

"ನಾಲ್ಕು ಬೇಲಿ ಹಾಕಿ ಕೊಟ್ಟಿದ್ದೆ. ಮೂರನ್ನ ನೀವಿಬ್ಬರೂ ಸೇರಿ ಮುರಿದ್ರಿ," ಎಂದರು ಮೇಡಂ. "ಬಾಯಿ ಮರಳಿನ ಕಡೆ ಇತ್ತು. ಅದೊಂದು ಉಳಿದಿತ್ತು, ಇವಳು ಉಳಿದಳು." ಆಮೇಲೆ ಆ ಬೆರಳನ್ನು ನೋಡಿ ಹೇಳಿದರು. "ಒಂದು ಕೈಗೆ ಇಬ್ಬರು ಗುರು ಆಗಲ್ಲ ಕಣಮ್ಮ. ಮುಂದಿನ ತರಬೇತಿಗೆ ಬಾ. ಬರೋ ಹಾಗಿದ್ರೆ, ಆ ಸ್ಪ್ರೇ ಗನ್ ಬಿಟ್ಟು ಬಾ."

ನಾಳೆಯ ಪರೀಕ್ಷೆಗೆ ಇಬ್ಬರೂ ಇಲ್ಲ ಎಂದಾಯಿತು. ನೋಡದೆ ಖಾಲಿ ಎಂದದ್ದಕ್ಕೆ ನಾದಿನಿಯೂ ಮೊದಲಿನಿಂದ ಕಲಿಯಬೇಕು.

ಇಬ್ಬರೂ ಮನೆಯ ದಾರಿ ಹಿಡಿದರು. ಬೀದಿಯ ತಿರುವಿನಲ್ಲಿ ನಾದಿನಿ ನಿಂತು, ಅತ್ತಿಗೆಯ ಬಲಗೈಯನ್ನು ಹಿಡಿದುಕೊಳ್ಳಲು ಹೋಗಿ, ಹಿಂಜರಿದು, ಎಡಗೈಯನ್ನು ಹಿಡಿದುಕೊಂಡಳು. ಅಣ್ಣನಿಗೆ ಹೇಳಬೇಡಿ ಎಂದಳು. ಅವಳು ಕೈ ಬದಲಾಯಿಸಿದ್ದನ್ನು ಕಂಡ ಅತ್ತಿಗೆಗೆ, ಹೇಳದೆ ಗತಿಯಿಲ್ಲ ಎಂದು ಗಟ್ಟಿಯಾದದ್ದು ಅಲ್ಲೇ.

ಪಾಲಿಶ್ ಅವತ್ತು ಉಮೇದಿನಲ್ಲಿದ್ದ. ಥಿನ್ನರ್ ಡಬ್ಬಿ, ಚಿಂದಿ ಬಟ್ಟೆ, ಹಳೆಯ ಹಲಗೆ ಎಲ್ಲವನ್ನೂ ತಾನೇ ಜಗಲಿಗೆ ತಂದಿಟ್ಟು, ಸ್ಪ್ರೇ ಗನ್ ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಬೆಳಿಗ್ಗೆಯಿಂದ ಕೆಮ್ಮು ಕಡಿಮೆ ಇದೆ, ಇನ್ನು ಸ್ವಲ್ಪ ದಿನಕ್ಕೆ ಸಣ್ಣಪುಟ್ಟ ಕುರ್ಚಿ ಹಿಡಿಯಬಹುದು ಎಂದ. ಅತ್ತಿಗೆ ನಿಂತಲ್ಲೇ ಹೇಳಿದಳು.

"ಇವತ್ತು ನಿಮ್ಮ ತಂಗೀನ ಕೊಂದೇಬಿಡ್ತಿದ್ದೆ ಕಣ್ರೀ."

ಅವನು ನಗಲು ಹೊರಟವನು ತಂಗಿಯ ಮುಖ ನೋಡಿ ನಗಲಿಲ್ಲ. ಅತ್ತಿಗೆ ಆದದ್ದನ್ನೆಲ್ಲ ಹೇಳಿದಳು; ಮೇಡಂ ಹೇಳಿದ್ದನ್ನು ಮಾತ್ರ ಹೇಳಲಿಲ್ಲ. ಪಾಲಿಶ್ ಬಹಳ ಹೊತ್ತು ಕೆಮ್ಮಿದ. ಹಾಗಾದರೆ ಇನ್ನು ಮೇಲೆ ಇದನ್ನು ನಾನೇ ತೊಳೆಯುತ್ತೇನೆ, ನೀನು ಒಳಗೆ ಕೂತಿರು, ಅಷ್ಟೆ ತಾನೆ ಎಂದ. ಹಟಮಾರಿ. ಬಟ್ಟೆಯಿಂದ ಮೂಗು ಬಾಯಿ ಕಟ್ಟಿಕೊಂಡು ಕಂಪ್ರೆಸರ್ ಹಾಕಿದ. ಅತ್ತಿಗೆ ಒಳಗೆ ಹೋಗಿ, ಅವನು ದಿನವೂ ಕೂರುವ ಕುರ್ಚಿಯಲ್ಲಿ, ಕಿಟಕಿಯ ಗಾಜಿನ ಹಿಂದೆ ಕೂತಳು. ಕೈಯನ್ನು ತೊಡೆಯ ಮೇಲಿಟ್ಟುಕೊಂಡಳು. ಪಕ್ಕದಲ್ಲಿ ನಾದಿನಿ ನಿಂತಳು.

ಪಾಲಿಶ್ ಕೆಮ್ಮುತ್ತಲೇ ಹೊಡೆದು ತೊಳೆದ. ಪೈಪು ಕಳಚಿದ. ಟಕ್ ಎಂದ ಸದ್ದು ಗಾಜನ್ನು ದಾಟಿ ಒಳಗೆ ಬಂತು. ಅತ್ತಿಗೆಯ ಮಡಿಲಲ್ಲಿ ತೋರುಬೆರಳು ಬಾಗಿತು.

ಅವನು ನೋಡುತ್ತಿದ್ದ. ಗನ್ನಿನ ಟ್ರಿಗರ್ ಎಳೆಯುವುದನ್ನೂ ಮರೆತು ಗಾಜಿನೊಳಗಿನ ಆ ಬೆರಳನ್ನು ನೋಡಿದ. ಪೈಪನ್ನು ಮತ್ತೆ ಸಿಕ್ಕಿಸಿ ಮತ್ತೆ ಕಳಚಿದ. ಬೆರಳು ಬಾಗಿತು. ಇನ್ನೊಮ್ಮೆ ಮಾಡಿದ, ನಿಧಾನವಾಗಿ, ಸದ್ದಾಗದ ಹಾಗೆ ಅಂಗೈಯಲ್ಲಿ ಮುಚ್ಚಿಕೊಂಡು. ಎಷ್ಟು ಮುಚ್ಚಿದರೂ ಅದು ಟಕ್ ಎಂದಿತು, ಬೆರಳು ಬಾಗಿತು. ಅತ್ತಿಗೆ ಅಳುತ್ತಿದ್ದಳು. ತಾನು ತಟ್ಟಿ ತಟ್ಟಿ ಕಲಿಸಿದ್ದು ಎಷ್ಟು ಗಟ್ಟಿಯಾಗಿ ಕೂತಿದೆ ಎಂದು ಅವನಿಗೆ ಆಗ ತಿಳಿದಿರಬೇಕು. ಮುಖದ ಬಟ್ಟೆ ಬಿಚ್ಚಿದ. ಕಂಪ್ರೆಸರ್ ಆರಿಸಿ, ಟ್ರಿಗರನ್ನು ಉದ್ದಕ್ಕೂ ಎಳೆದು ಹಿಡಿದು, ಒಳಗಿನ ಗಾಳಿ ಪೂರ್ತಿ ಹೋಗುವವರೆಗೆ ಬಿಡದೆ ನಿಂತ.

ಒಳಗೆ ಬಂದು ಗನ್ನನ್ನು ಚಿಂದಿಯಲ್ಲಿ ಸುತ್ತಿ ತಂಗಿಯ ಕೈಗೆ ಕೊಟ್ಟ. "ಬಡಗಿಯವರ ಅಂಗಡಿಗೆ ಕೊಟ್ಟುಬಿಡು. ಪೈಪೂ ತಗೊಂಡು ಹೋಗು. ಇವತ್ತೇ." ಸದ್ಯಕ್ಕೆ ಎಂದು ಅವನು ಸೇರಿಸಲಿಲ್ಲ.

ನಾದಿನಿ ಪೈಪನ್ನು ಹೆಗಲಿಗೆ ಸುತ್ತಿಕೊಂಡು ಹೊರಟಳು. ಪಾಲಿಶ್ ಉಸಿರು ಹಿಡಿಯಲಾರದೆ ಹೆಂಡತಿಯ ಪಕ್ಕದಲ್ಲಿ ನೆಲದ ಮೇಲೆಯೇ ಕೂತ. ಹೊರಗೆ ಗೇಟಿನ ಚಿಲಕ ಬಿತ್ತು. ಟಕ್.

ಇಬ್ಬರೂ ನೋಡಿದರು. ಬೆರಳು ಬಾಗಿತ್ತು. ಅವನು ಕೈ ಚಾಚಿ ಅದನ್ನು ಹಿಡಿದು ಮೆಲ್ಲಗೆ ನೆಟ್ಟಗೆ ಮಾಡಿದ, ಹಾಗೆಯೇ ಹಿಡಿದುಕೊಂಡು, ತಂಗಿ ವಾಪಸು ಬಂದು ಗೇಟು ಇನ್ನೊಮ್ಮೆ ಸದ್ದು ಮಾಡುವುದನ್ನು ಕಾಯುತ್ತ ಕೂತ.